ಕೋಡಿ ಬಿದ್ದ ದಿನ ಅಮ್ಮಿ ಏಳಲಿಲ್ಲ

ನಮ್ಮೂರಲ್ಲಿ ಕೆರೆ ಕೋಡಿ ಬಿದ್ದರೆ ಜನ ಓಡಿಹೋಗುವುದಿಲ್ಲ, ನೋಡಲು ಹೋಗುತ್ತಾರೆ. ಕುಣಿಗಲ್ಲಿನವರಿಗೆ ಅದೊಂದು ಹಬ್ಬವೇ. ಹೆಂಡತಿ ಮಕ್ಕಳನ್ನು ಬೈಕಿನ ಮೇಲೆ ತುಂಬಿಕೊಂಡು ಬಂದು, ತುಂಬಿದ ಕೆರೆ ಕಟ್ಟೆ ಮೀರಿ ಆಚೆ ಧುಮುಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಚುರುಮುರಿಯವನು ಗಾಡಿ ತಂದು ನಿಲ್ಲಿಸುತ್ತಾನೆ. ಹೆಂಗಸರು ಮೊರದಲ್ಲಿ ಬಾಗಿನ ತಂದು ನೀರಿಗೆ ಬಿಡುತ್ತಾರೆ. ನಾನು ಚಿಕ್ಕವಳಿದ್ದಾಗ ಅಬ್ಬಾ, ಅಂದರೆ ನಮ್ಮಪ್ಪ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದರು. ಹಾಗಾಗಿ ಕೆರೆ ಕೋಡಿ ಬಿದ್ದ ಆ ಮಧ್ಯಾಹ್ನ ಪುರಸಭೆಯ ಆಟೋ ನಮ್ಮ ಬೀದಿಗೆ ಬಂದು ಮೈಕಿನಲ್ಲಿ 'ತಗ್ಗಿನ ಮನೆಯವರು ಕೂಡಲೇ ಮನೆ ಖಾಲಿ ಮಾಡಿ' ಎಂದು ಕೂಗಿದಾಗ ಅರ್ಧ ಬೀದಿ ಅದನ್ನು ಯಾವುದೋ ಸೀರೆ ಅಂಗಡಿಯ ಡಿಸ್ಕೌಂಟ್ ಪ್ರಚಾರ ಅಂದುಕೊಂಡಿತ್ತು.

ನಾನಿರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಗಂಡನ ಮನೆಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ತವರು ಕುಣಿಗಲ್. ಅಬ್ಬಾ ತೀರಿಕೊಂಡ ಮೇಲೆ ಪ್ರತಿ ಶನಿವಾರ ಬಸ್ಸು ಹತ್ತಿ ಅಮ್ಮಿಯ ಹತ್ತಿರ ಬಂದುಬಿಡುತ್ತಿದ್ದೆ. ಆ ವಾರ ಮಳೆಯೆಂದು ಸ್ಕೂಲಿಗೆ ರಜೆ ಕೊಟ್ಟಿದ್ದರಿಂದ ಎರಡು ದಿನ ಮೊದಲೇ ಬಂದಿದ್ದೆ. ಮದ್ರಾಸಿನ ಹತ್ತಿರ ಚಂಡಮಾರುತವಂತೆ. ಟೀವಿಯಲ್ಲಿ ತೆಂಗಿನಮರಗಳು ಬಾಗಿದ್ದೇ ಬಾಗಿದ್ದು. ಇಲ್ಲಿ ಗಾಳಿ ಇಲ್ಲ, ಗುಡುಗಿಲ್ಲ. ಮೂರು ದಿನದಿಂದ ಬಿಡದೆ ಒಂದೇ ಸಮ ಮಳೆ ಮಾತ್ರ.

"ಸಮುದ್ರ ಇರೋದು ಮದ್ರಾಸಲ್ಲಿ. ಅಲ್ಲಿ ತೂಫಾನ್ ಎದ್ರೆ ನಮ್ಮನೇಲಿ ಒಗೆದ ಬಟ್ಟೆ ಯಾಕೆ ಒಣಗಲ್ಲ?" ಎಂದಳು ಅಮ್ಮಿ.

ನಾನು ವಾಯುಭಾರ ಕುಸಿತ, ತೇವಾಂಶ ಎಂದೆಲ್ಲ ವಿವರಿಸಲು ಶುರುಮಾಡಿದೆ.

"ಸಾಕು ಬುಡೇ ತಾಯಿ. ಪಾಠ ಸ್ಕೂಲಲ್ಲಿ ಮಾಡು."

ಒಂದು ಮಾತು ಹೇಳಿಬಿಡಬೇಕು. ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಅಮ್ಮಿಯ ಬೈಗುಳವನ್ನು ಕನ್ನಡ ಮಾಡಬೇಕಾಗಿಲ್ಲ, ಅವಳು ಬೈಯುವುದೇ ಕನ್ನಡದಲ್ಲಿ. ಗುಬ್ಬಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಎದುರುಮನೆಯ ದೊಡ್ಡಮ್ಮ ಅವಳಿಗೆ ರಾಗಿ ಮುದ್ದೆ ತೊಳಸುವುದನ್ನೂ ಬೈಯುವುದನ್ನೂ ಒಟ್ಟಿಗೇ ಕಲಿಸಿದರು. ದೊಡ್ಡಮ್ಮ ಲಿಂಗಾಯತರು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಮೂರರಲ್ಲಿ ಯಾವುದೂ ಒಂದು ಹೊತ್ತೂ ತಪ್ಪುವುದಿಲ್ಲ. ಅಮ್ಮಿಯನ್ನು ಅವರು 'ಬೂಬಮ್ಮ' ಎಂದೇ ಕರೆಯುವುದು, ಅಬ್ಬಾ ಅವರಿಗೆ 'ಸಾಬ್ರು'. ನನ್ನನ್ನೂ ನನ್ನ ತಮ್ಮನನ್ನೂ ಎತ್ತಿ ಆಡಿಸಿದವರು, ಅಗತ್ಯಬಿದ್ದಾಗ ಎತ್ತಿ ಒಗೆದವರೂ ಹೌದು.

ಅಬ್ಬಾ ಹಾಸಿಗೆ ಹೊಲಿಯುತ್ತಿದ್ದರು. ಈಗ ಆ ಕೆಲಸ ತಮ್ಮನದು. ಮನೆಯ ಮುಂದಿನ ಭಾಗವೇ ಅಂಗಡಿ, ಹಿಂದೆ ಎರಡು ರೂಮು, ಅಡುಗೆಮನೆ. ಎಲ್ಲಿ ನೋಡಿದರೂ ಹತ್ತಿ. ಅನ್ನದ ತಟ್ಟೆಯಲ್ಲಿ ಹತ್ತಿ, ತಲೆಗೂದಲಲ್ಲಿ ಹತ್ತಿ. ನಮ್ಮ ಮನೆಯಲ್ಲಿ ಬೀಡಿ ಸೇದುವವರಿಗೂ ಒದ್ದೆ ಛತ್ರಿ ತರುವವರಿಗೂ ಒಳಗೆ ಪ್ರವೇಶವಿಲ್ಲ. ಹತ್ತಿಗೆ ಬೆಂಕಿ ಎಷ್ಟು ಕೇಡೋ ನೀರೂ ಅಷ್ಟೇ ಕೇಡು. ಆದರೆ ಆ ದಿನ ದೊಡ್ಡ ಚಿಂತೆ ಹತ್ತಿಯದಲ್ಲ. ಚಿಂತೆ ಅಮ್ಮಿಯದಾಗಿತ್ತು, ಯಾಕೆಂದರೆ ಅಮ್ಮಿ ಇದ್ದತ್ತಿನಲ್ಲಿದ್ದಳು.

ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಅದೇ ಮನೆಯಲ್ಲಿ ಕೂರಬೇಕು. ಬಣ್ಣದ ಸೀರೆಯಿಲ್ಲ, ಬಳೆಯಿಲ್ಲ, ಪರಗಂಡಸರ ಎದುರು ಬರುವುದಿಲ್ಲ, ತೀರಾ ಅಗತ್ಯವಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಕೆಲವರು ಇದನ್ನು ಶಿಕ್ಷೆಯ ಹಾಗೆ ಕಳೆಯುತ್ತಾರೆ. ಅಮ್ಮಿ ಹಾಗೆ ಕಳೆಯಲಿಲ್ಲ. ನಡುವಿನ ರೂಮಿನಲ್ಲಿ, ಅಬ್ಬಾ ಮಲಗುತ್ತಿದ್ದ ಮಂಚದ ಪಕ್ಕ ಚಾಪೆ ಹಾಸಿಕೊಂಡು, ನಮಾಜು, ಕುರಾನು, ನಡುನಡುವೆ ಖಾಲಿ ಮಂಚಕ್ಕೆ ಮನೆಯ ವರದಿ. "ನೋಡಿ, ನಿಮ್ಮ ಮಗ ಮತ್ತೆ ದಬ್ಬಣ ಕಳೆದವ್ನೆ", "ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ". ಮೊದಲು ನನಗೆ ಗಾಬರಿಯಾಗಿತ್ತು, ತಲೆ ಕೆಟ್ಟಿತೋ ಏನೋ ಎಂದು. ಆಮೇಲೆ ಅಭ್ಯಾಸವಾಯಿತು. ಅವರು ಬದುಕಿದ್ದಾಗಲೂ ಇವಳು ಹೇಳುತ್ತಲೇ ಇದ್ದಳು, ಅವರು ಉತ್ತರ ಕೊಡುತ್ತಿರಲಿಲ್ಲ.

ಇದ್ದತ್ ಮುಗಿಯುವ ದಿನ ಯಾವುದೆಂದು ಲೆಕ್ಕ ಹಾಕಿದವಳು ನಾನೇ. ಗಣಿತದ ಟೀಚರ್ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು? ಗೋಡೆಯ ಕ್ಯಾಲೆಂಡರಿನಲ್ಲಿ ಅಬ್ಬಾ ಹೋದ ತಾರೀಕಿನಿಂದ ನಾಲ್ಕು ತಿಂಗಳು ಮುಂದೆ ಹೋಗಿ, ಅದರ ಮೇಲೆ ಹತ್ತು ದಿನ ಕೂಡಿಸಿ, ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದ್ದೆ. ಆ ಸೊನ್ನೆಯ ದಿನ ಗುಬ್ಬಿಯಿಂದ ಮಾಮು, ಅಂದರೆ ಅಮ್ಮಿಯ ತಮ್ಮ, ಹೊಸ ಸೀರೆ ತಂದು ಅಕ್ಕನ ಕೈಹಿಡಿದು ಹೊಸ್ತಿಲು ದಾಟಿಸಬೇಕು. ಅದು ನಮ್ಮ ಕಡೆಯ ಪದ್ಧತಿ. ಮೈಕಿನ ಆಟೋ ಬಂದದ್ದು ಸೊನ್ನೆಯ ಹಿಂದಿನ ದಿನ.

ಮಧ್ಯಾಹ್ನ ಎರಡರ ಹೊತ್ತಿಗೆ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಾರ್ಕೋನಹಳ್ಳಿ ಡ್ಯಾಮು ತುಂಬಿ ಹರಿಯುವ ವಿಡಿಯೊಗಳು ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದ್ದವು. ಡ್ಯಾಮು ನಮಗಿಂತ ಕೆಳಗಿದೆ, ಅದರ ಭಯ ನಮಗಿಲ್ಲ. ಭಯ ಮೇಲಿನದು. ಊರಿನ ಮೇಲ್ಗಡೆಯ ಒಂದು ಸಣ್ಣ ಕಟ್ಟೆ ಜಿನುಗಲು ಶುರುವಾಗಿದೆ, ಅದು ಒಡೆದರೆ ಅಷ್ಟೂ ನೀರು ಕಾಲುವೆಯಲ್ಲಿ ನಮ್ಮ ಬೀದಿಗೇ ಬರುತ್ತದೆ ಎಂದು ಮೈಕಿನವರು ಎರಡನೇ ಸಲ ಬಂದಾಗ ಹೇಳಿದರು. ಈ ಸಲ ಯಾರೂ ಸೀರೆ ಅಂಗಡಿ ಅಂದುಕೊಳ್ಳಲಿಲ್ಲ. ಒಬ್ಬೊಬ್ಬರೇ ಮನೆಗೆ ಬೀಗ ಹಾಕಿ, ಕಲ್ಯಾಣ ಮಂಟಪದಲ್ಲಿ ತೆರೆದಿದ್ದ ಗಂಜಿ ಕೇಂದ್ರದ ಕಡೆ ಹೊರಟರು. ನನ್ನ ತಮ್ಮ ಹತ್ತಿಯ ಮೂಟೆಗಳನ್ನು ಅಟ್ಟಕ್ಕೆ ಎಸೆಯತೊಡಗಿದ. ನಾನು ಬ್ಯಾಗಿಗೆ ಅಮ್ಮಿಯ ಬಿಪಿ ಮಾತ್ರೆ, ಎರಡು ಸೀರೆ, ಆಧಾರ್ ಕಾರ್ಡು ತುರುಕಿದೆ.

"ಅಮ್ಮಿ, ಏಳು. ಹೋಗೋಣ."

"ಎಲ್ಲಿಗೆ?"

"ಕಲ್ಯಾಣ ಮಂಟಪಕ್ಕೆ."

"ಯಾರ್ದು ಮದುವೆ?" ಎಂದಳು, ತಸ್ಬಿಯ ಮಣಿ ಎಣಿಸುತ್ತ.

ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಅಮ್ಮಿಯಿಂದಲೇ ಬಂದದ್ದು, ಆದರೆ ಅದು ಅವಳ ಮೇಲೆ ಕೆಲಸ ಮಾಡುವುದಿಲ್ಲ. "ತಮಾಷೆ ಬೇಡ. ಕಟ್ಟೆ ಒಡೆಯೋ ಹಾಗಿದೆ. ಎಲ್ರೂ ಹೋದ್ರು."

"ಹೋಗಲಿ. ಅವರಿಗೆಲ್ಲ ಇದ್ದತ್ ಇಲ್ಲ. ನನಗೆ ಇನ್ನು ಒಂದು ದಿನ ಇದೆ. ನಾಳೆ ನಿಮ್ಮ ಮಾಮು ಬರ್ತಾನೆ, ಎದ್ದು ಬರ್ತೀನಿ."

"ಮಾಮು ಹೇಗೆ ಬರ್ತಾರೆ? ಗುಬ್ಬಿ ರೋಡಲ್ಲಿ ಬಸ್ಸೇ ಓಡ್ತಿಲ್ಲ!"

"ಹಂಗಾದ್ರೆ ನಾಡಿದ್ದು ಬರ್ತಾನೆ. ನನಗೇನು ಅರ್ಜೆಂಟಿಲ್ಲ."

ಬೆಳಗ್ಗೆಯಿಂದ ಮಳೆಯಲ್ಲಿ ನೆಂದಿದ್ದ ಪುರಸಭೆಯ ಇಬ್ಬರು ಬಾಗಿಲಿಗೆ ಬಂದರು. ಅಮ್ಮಿ ತಕ್ಷಣ ಪರದೆ ಎಳೆದುಕೊಂಡಳು. ಪಾಪ, ಅವರು ಪರದೆಯ ಆಚೆ ನಿಂತು ಬೇಡಿಕೊಂಡರು.

"ಅಮ್ಮಾ, ದಯವಿಟ್ಟು ಎದ್ದು ಬನ್ನಿ. ನೀರು ಬಂದ್ರೆ ಕಷ್ಟ ಆಗುತ್ತೆ."

"ನೀರು ಎಲ್ಲಿಗೆ ಬಂದಿದೆ ಈಗ?" ಪರದೆಯ ಹಿಂದಿನಿಂದ ಪ್ರಶ್ನೆ.

"ಎರಡನೇ ಮೆಟ್ಲತ್ರ ಇದೆ ಅಮ್ಮಾ."

"ನಮ್ಮನೆಗೆ ಮೂರು ಮೆಟ್ಲು. ಹೊಸ್ತಿಲು ದಾಟಲಿ, ಆಮೇಲೆ ನೋಡೋಣ. ಚಹಾ ಕುಡೀತೀರಾ?"

ಅವರು ನನ್ನ ಮುಖ ನೋಡಿದರು. ನಾನು ಹಣೆ ಚಚ್ಚಿಕೊಂಡೆ. ಇನ್ನೂ ಹತ್ತು ಮನೆ ನೋಡಬೇಕಿತ್ತು ಅವರಿಗೆ, ಹೊರಟುಹೋದರು.

ನನ್ನ ತಮ್ಮ, ಮಸೀದಿಯ ಗುರುಗಳಾದ ಹಜ್ರತ್ತರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಹಜ್ರತ್ ಸಾವಧಾನದ ಮನುಷ್ಯ. ಜೀವಕ್ಕೆ ಅಪಾಯವಿದ್ದರೆ ಇದ್ದತ್ತಿನಲ್ಲಿದ್ದವರೂ ಮನೆ ಬಿಡಬಹುದು, ಪಾಪವಲ್ಲ, ಹತ್ತಿರದ ಭದ್ರವಾದ ಮನೆಯಲ್ಲಿ ಉಳಿದ ದಿನ ಕಳೆಯಬಹುದು ಎಂದು ಮತ್ತೆ ಮತ್ತೆ ಬಿಡಿಸಿ ಹೇಳಿದರು. ಅಮ್ಮಿ ತಲೆಯ ಮೇಲೆ ಸೆರಗು ಹೊದ್ದು ಭಕ್ತಿಯಿಂದ ಕೇಳಿದಳು. ಅವರು ಮುಗಿಸಿದ ಮೇಲೆ, "ಹಜ್ರತ್, ಅಪಾಯ ಇದ್ದರೆ ಅಂದ್ರಲ್ಲ, ಅಪಾಯ ಇನ್ನೂ ಮೆಟ್ಲತ್ರ ಇದೆ," ಎಂದಳು. ಆ ಕಡೆ ಹಜ್ರತ್ ಕೆಮ್ಮಿದರು. ನಗು ತಡೆದುಕೊಳ್ಳುತ್ತಿದ್ದರೋ ಏನೋ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮೂರೂವರೆ ಆಗಿತ್ತು. ನೀರು ಎರಡನೇ ಮೆಟ್ಟಿಲನ್ನು ನುಂಗಿ ಮೂರನೆಯದಕ್ಕೆ ತಾಕುತ್ತಿತ್ತು. ಎದುರುಮನೆಯ ದೊಡ್ಡಮ್ಮ ತಮ್ಮ ಮಹಡಿ ಮೆಟ್ಟಿಲ ಮೇಲೆ ನಿಂತು, ತಲೆಗೆ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಕೂಗುತ್ತಿದ್ದರು. "ಏನೇ ಬೂಬಮ್ಮಾ, ಮುಳುಗೋಕೆ ಮುಹೂರ್ತ ನೋಡ್ತಿದೀಯೇನೇ? ನಮ್ ಮಹಡಿಗಾದ್ರೂ ಬಾರೇ!"

ಆಗ ನನಗೆ ನಿಜವಾಗಿ ಭಯವಾಯಿತು. ಮಳೆಯ ಭಯವಲ್ಲ. ಇವಳನ್ನೂ ಕಳೆದುಕೊಳ್ಳುತ್ತೇನೆ ಎಂಬ ಭಯ. ಅಬ್ಬಾ ಹೋಗಿ ಇನ್ನೂ ಐದು ತಿಂಗಳಾಗಿಲ್ಲ, ಒಂದು ದಿನದ ಹಟಕ್ಕೆ ಇವಳೂ ಹೋದರೆ? ಭಯವಾದರೆ ನನಗೆ ಅಳು ಬರುವುದಿಲ್ಲ, ಕೂಗಾಟ ಬರುತ್ತದೆ. ಮಂಚದ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ನಿನಗೆ ನಾವು ಬೇಡ್ವಾ? ಸತ್ತೋರು ಮಾತ್ರ ಬೇಕಾ? ನಾವೂ ಇಲ್ಲೇ ಕೂತ್ಕೊಂಡು ಸಾಯ್ಬೇಕಾ? ಎದ್ದೇಳು ಅಂದ್ರೆ ಎದ್ದೇಳ್ಬೇಕು!"

ಅಮ್ಮಿ ತಸ್ಬಿ ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ.

"ಆವತ್ತೂ ನೀನೇ ಎದ್ದೇಳು ಅಂದಿದ್ದು," ಎಂದಳು.

ಅಬ್ಬಾ ಕೊನೆಗೆ ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಮೂರು ದಿನ ಮೂರು ರಾತ್ರಿ ಅಮ್ಮಿ ಅವರ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಬ್ಬಾ ಸ್ವಲ್ಪ ಗೆಲುವಾಗಿದ್ದಂತೆ ಕಂಡರು. ನಾನೇ ಅಮ್ಮಿಗೆ ಗದರಿ, ಶೆಟ್ಟಿಹಳ್ಳಿಗೆ ಹೋಗಿ ಸ್ನಾನ ಮಾಡಿ ಎರಡು ತುತ್ತು ತಿಂದು ಬಾ ಎಂದು ಆಟೋ ಹತ್ತಿಸಿದೆ. ಅವಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅಬ್ಬಾ ಹೋಗಿಬಿಟ್ಟರು. ಆ ಮಾತನ್ನು ಅಮ್ಮಿ ಅಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ. ಎತ್ತದಿದ್ದಾಗ ನಾನು ಸಮಾಧಾನ ಮಾಡಿಕೊಂಡಿದ್ದೆ, ಅವಳ ಮನಸ್ಸಿನಲ್ಲಿ ಅದಿಲ್ಲ ಎಂದು. ಎಂಥ ಪೆದ್ದಿ ನಾನು.

ತಮ್ಮ ಹತ್ತಿಯ ಮೂಟೆ ಹಿಡಿದುಕೊಂಡೇ ನಿಂತುಬಿಟ್ಟ.

"ಎರಡು ಗಂಟೆ ಬಿಟ್ಟು ಹೋದೆ, ಅಷ್ಟರಲ್ಲಿ ಹೋದ್ರು," ಎಂದಳು ಅಮ್ಮಿ. "ಅವರ ಪಕ್ಕ ಇರಲಿಲ್ಲ ನಾನು. ಈ ನಾಲ್ಕು ತಿಂಗಳು ಹತ್ತು ದಿನವಾದರೂ ಪೂರ್ತಿ ಕೂರ್ತೀನಿ ಅಂತ ಹೇಳಿದೀನಿ ಅವರಿಗೆ. ಇಷ್ಟು ದಿನ ಕೂತವಳು ಕೊನೇ ದಿನ ಎದ್ದು ಹೋಗಲಾ? ನೀವಿಬ್ರೂ ಹೋಗಿ. ನಾನು ಈ ಮಂಚದ ಮೇಲೆ ಹತ್ತಿ ಕೂರ್ತೀನಿ."

ನಾನು ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಆಗ ಕಂಡದ್ದು ನೋಡಿ: ದೊಡ್ಡಮ್ಮ ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡು, ಊರುಗೋಲು ಮುಂದೆ ಚುಚ್ಚುತ್ತ, ಬೀದಿಯ ನೀರನ್ನು ದಾಟಿ ಬರುತ್ತಿದ್ದಾರೆ. ಎಪ್ಪತ್ತು ದಾಟಿದ ಹೆಂಗಸು, ಎರಡೂ ಮಂಡಿ ಸವೆದಿವೆ. ತಮ್ಮ ಓಡಿಹೋಗಿ ಹಿಡಿದುಕೊಂಡ.

"ಬುಡ್ಲಾ ಕೈಯ! ನೀರು ನೋಡದವಳೇನ್ಲಾ ನಾನು?" ಎಂದು ಅವನಿಗೆ ಒಂದು ಬಾರಿಸಿ, ಅವನ ಮೇಲೆಯೇ ಭಾರ ಹಾಕಿ ಮೆಟ್ಟಿಲು ಹತ್ತಿದರು. ಒದ್ದೆ ಕಾಲಲ್ಲೇ ಹತ್ತಿಯ ಅಂಗಡಿ ತುಳಿದು ನಡುಮನೆಗೆ ಹೋಗಿ ಚಾಪೆಯ ಮೇಲೆ ಅಮ್ಮಿಯ ಪಕ್ಕ ಕೂತರು.

"ಏನಂತೆ ನಿಂದು?"

"ಇನ್ನು ಒಂದು ದಿನ ಇದೆ ಅಕ್ಕ."

"ಯಾವ ಲೆಕ್ಕದಲ್ಲಿ?"

ಅಮ್ಮಿ ಗೋಡೆಯ ಮೇಲಿನ ಕೆಂಪು ಸೊನ್ನೆ ತೋರಿಸಿದಳು. "ಮಗಳು ಲೆಕ್ಕ ಹಾಕವ್ಳೆ. ನಾಳೆಗೆ ನಾಲ್ಕು ತಿಂಗಳು ಹತ್ತು ದಿನ."

ದೊಡ್ಡಮ್ಮ ಕ್ಯಾಲೆಂಡರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೆರಳು ಮಡಿಸತೊಡಗಿದರು. "ಸಾಬ್ರನ್ನ ತಂದಿದ್ದು ಹುಣ್ಣಿಮೆ ಮಾರನೇ ದಿನ. ನನಗೆ ಚೆನ್ನಾಗಿ ನೆಪ್ಪಿದೆ, ಹುಣ್ಣಿಮೆ ಪೂಜೆ ಹೂವು ಇನ್ನೂ ಬಾಡಿರಲಿಲ್ಲ. ಅಲ್ಲಿಂದ ಒಂದು ಹುಣ್ಣಿಮೆ, ಎರಡು, ಮೂರು, ನಾಕು. ನಾಕನೇ ಹುಣ್ಣಿಮೆ ಕಳೆದು ಹತ್ತು ದಿನ ಅಂದ್ರೆ..." ಅವರ ಕೈ ನಿಂತಿತು. "ಅಲ್ವೇ, ಇವತ್ತು ಅಮಾವಾಸೆ ಕಣೇ! ಈಗ ತಾನೆ ಪೂಜೆ ಮುಗಿಸಿ ಬಂದಿದೀನಿ. ಹುಣ್ಣಿಮೆ ಆಗಿ ಹದಿನೈದು ದಿನ ಆಯ್ತು. ನಿಮ್ಮೋರ ತಿಂಗಳೂ ಚಂದ್ರನ್ನ ನೋಡಿ ತಾನೆ ಹುಟ್ಟೋದು?"

ಬಾಗಿಲಲ್ಲಿ ನಿಂತಿದ್ದ ನನಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ರಂಜಾನಿನ ಚಂದ್ರನಿಗಾಗಿ ಪ್ರತಿ ವರ್ಷ ಮಹಡಿ ಹತ್ತಿ ಕತ್ತು ನೋಯಿಸಿಕೊಳ್ಳುವವಳು, ಇದ್ದತ್ತಿನ ಲೆಕ್ಕಕ್ಕೆ ಕೂತಾಗ ಮಾತ್ರ ಚಂದ್ರನನ್ನು ಮರೆತು ಇಂಗ್ಲಿಷ್ ಕ್ಯಾಲೆಂಡರು ಹಿಡಿದಿದ್ದೆ! ನಡುವೆ ಮೂರು ತಿಂಗಳು ಮೂವತ್ತೊಂದು ದಿನದವು. ಮನೆಯಲ್ಲಿ ಒಬ್ಬರೂ ಅನುಮಾನ ಪಟ್ಟಿರಲಿಲ್ಲ, ಟೀಚರಮ್ಮ ಮಾಡಿದ ಲೆಕ್ಕ ಎಂದು. ಹಜ್ರತ್ತರೂ ಕೇಳಿರಲಿಲ್ಲ, ನಾವೂ ಅವರಿಗೆ ಹೇಳಿರಲಿಲ್ಲ.

ತಮ್ಮ ಫೋನು ಹಿಡಿದು ಅಟ್ಟ ಹತ್ತಿದ, ಅಲ್ಲಿ ಮಾತ್ರ ಒಂದು ಗೀಟು ನೆಟ್‌ವರ್ಕ್ ಸಿಗುತ್ತಿತ್ತು. ಹಜ್ರತ್ ತಾರೀಕು ಕೇಳಿ, ಎಣಿಸಿ ಹೇಳಿದರು: ತಿಂಗಳ ನಡುವೆ ತೀರಿಕೊಂಡವರಿಗೆ ನೂರ ಮೂವತ್ತು ದಿನ ಹಿಡಿಯಬೇಕು. ನಿಮ್ಮ ತಾಯಿಯ ಇದ್ದತ್ ಮೊನ್ನೆಗೇ ಮುಗಿದಿದೆ.

"ಆಪಾ! ಮೊನ್ನೆಗೇ ಮುಗಿದಿದೆಯಂತೆ!" ತಮ್ಮ ಅಟ್ಟದಿಂದಲೇ ನನ್ನನ್ನು ಕರೆದು ಕೂಗಿದ. ನಾನು ಚಪ್ಪಾಳೆ ತಟ್ಟಿಬಿಟ್ಟೆ, ನಾಚಿಕೆಯಿಲ್ಲದವಳು. "ಅಮ್ಮಿ, ಕೇಳಿಸ್ತಾ? ಮುಗಿದಿದೆ! ಈಗಲಾದರೂ ಏಳು!"

ಅಮ್ಮಿ ಕೂತೇ ಇದ್ದಳು. ಅವಳ ಮುಖ ನೋಡಿ ನನ್ನ ಕೈ ಅಲ್ಲೇ ನಿಂತಿತು.

"ಮೊನ್ನೆಗೇ ಮುಗೀತಾ?" ಎಂದಳು, ಸಣ್ಣ ದನಿಯಲ್ಲಿ. "ಮುಗಿದಿದ್ದು ನನಗೆ ಗೊತ್ತೇ ಆಗಲಿಲ್ವಲ್ಲ."

ಆಮೇಲೆ ಅತ್ತಳು. ಅಬ್ಬಾರನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಕೊನೆಯ ದಿನ ಅವರ ಮಂಚದ ಹತ್ತಿರ ಕೂತು ಕುರಾನು ಓದಿ ಮುಗಿಸಬೇಕೆಂದುಕೊಂಡಿದ್ದಳಂತೆ. ಎರಡು ದಿನದ ಹಿಂದೆ ಅದು ಬಂದು ಹೋಗಿದೆ, ಇವಳು ಅವತ್ತು ಹುರಳಿ ಆರಿಸುತ್ತ ಕೂತಿದ್ದಳಂತೆ. "ಹುರಳಿ ಆರಿಸ್ತಿದ್ದೆ ಅಕ್ಕ, ಹುರಳಿ," ಎಂದು ಅದನ್ನೇ ಹೇಳಿದಳು. ಇಷ್ಟು ದಿನ ಅವಳು ಅವರ ಹೆಂಡತಿಯಾಗಿ ಕೂತಿದ್ದಳು. ಇನ್ನು ಮೇಲೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಅಷ್ಟು ಹೊತ್ತೂ ಅದು ಹೊಳೆದಿರಲಿಲ್ಲ. ಅವಳನ್ನು ಎಬ್ಬಿಸುವುದೊಂದೇ ನನ್ನ ತಲೆಯಲ್ಲಿತ್ತು.

ದೊಡ್ಡಮ್ಮ ಒದ್ದೆ ಸೆರಗಿನಿಂದ ಅಮ್ಮಿಯ ಮುಖ ಒರೆಸಿದರು. "ಅಯ್ಯೋ ಹುಚ್ಚಿ. ಎರಡು ದಿನ ಜಾಸ್ತಿ ಕೂತಿದೀಯೇ ಹೊರತು ಕಮ್ಮಿ ಕೂತಿಲ್ಲ. ಜಾಸ್ತಿ ಕೂತೋಳನ್ನ ಯಾವ ದೇವ್ರು ಬೈತಾನೆ, ನಿಮ್ಮೋನು ಬೈತಾನಾ ನಮ್ಮೋನು ಬೈತಾನಾ? ನಮ್ಮನೆಯೋರು ಹೋದಾಗ ನಾನು ಹದಿನೈದನೇ ದಿನಕ್ಕೆ ಹೊಲಕ್ಕೆ ಹೋಗಿದ್ದೆ. ನೋಡು, ನಂಗೆ ಆ ಪುಣ್ಯನೂ ಇರ್ಲಿಲ್ಲ. ಏಳು ಮಗ. ಈ ವಯಸ್ಸಲ್ಲಿ ನಿನ್ನ ಕಳ್ಕೊಂಡು ನಾನು ಯಾರ ಜತೆ ಜಗಳ ಆಡ್ಲಿ?"

ಅಮ್ಮಿ ಅಳುವಿನ ನಡುವೆಯೇ ಫಕ್ಕನೆ ನಕ್ಕಳು. ಆ ನಗು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಹೊಸ್ತಿಲ ಸಂದಿಯಿಂದ ಒಂದು ಗೆರೆ ನೀರು ಒಳಗೆ ಹರಿಯಿತು. ಅಮ್ಮಿ ಅದನ್ನು ನೋಡಿದಳು. ಎದ್ದು ನಿಂತಳು. "ನೀವೆಲ್ಲ ಒಂದು ನಿಮಿಷ ಆಚೆ ಇರಿ," ಎಂದಳು.

"ಈಗ ಮತ್ತೇನು?" ಎಂದೆ. ನೀರು ಅಂಗಡಿಯೊಳಗೆ ಹರಡುತ್ತಿತ್ತು.

ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಹೊರಗೆಳೆದರು. "ಸುಮ್ನಿರೇ ಟೀಚರಮ್ಮ. ನಿನ್ನ ಲೆಕ್ಕ ನೋಡಾಯ್ತು."

ಅಮ್ಮಿ ರೂಮಿನ ಬಾಗಿಲು ಮುಂದೆ ಮಾಡಿಕೊಂಡಳು. ನಾವು ಮೂವರೂ ಅಂಗಡಿಯಲ್ಲಿ ಹಿಮ್ಮಡಿ ಮುಳುಗುವ ನೀರಿನಲ್ಲಿ ನಿಂತೆವು. ಒಂದು ನಿಮಿಷ ಐದು ನಿಮಿಷವಾಯಿತು. ಬಾಗಿಲು ತೆರೆದಾಗ ಅವಳ ಎದೆಗೆ ಬಟ್ಟೆಯಲ್ಲಿ ಸುತ್ತಿದ ಕುರಾನು, ಮುಖ ತೊಳೆದುಕೊಂಡಿದ್ದಳು.

ಹೊಸ್ತಿಲ ಹತ್ತಿರ ಬಂದು ಅನುಮಾನಿಸಿದಳು. ತವರಿನವರು ಕೈಹಿಡಿದು ದಾಟಿಸಬೇಕಲ್ಲ. ಮಾಮು ಗುಬ್ಬಿಯಲ್ಲಿ ಬಸ್ಸಿಲ್ಲದೆ ಕೂತಿದ್ದಾರೆ. ದೊಡ್ಡಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಇಷ್ಟು ವರ್ಷ ಎದುರುಮನೆಯಲ್ಲಿದ್ದು ನಮ್ಮ ಪದ್ಧತಿ ಗೊತ್ತಿಲ್ಲದೆ ಇರುತ್ತದೆಯೇ? ಊರುಗೋಲನ್ನು ನನ್ನ ಕೈಗೆ ತುರುಕಿ, ಅಮ್ಮಿಯ ಕೈ ಹಿಡಿದುಕೊಂಡು, "ಬಲಗಾಲು ಇಡು," ಎಂದರು.

ಬೀದಿಯಲ್ಲಿ ನೀರು ಮಂಡಿಯ ತನಕ ಇತ್ತು, ಸೆಳೆತವೂ ಇತ್ತು. ತಮ್ಮ ಮುಂದೆ, ಇಬ್ಬರು ಹೆಂಗಸರು ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೈದುಕೊಳ್ಳುತ್ತ, ನಾನು ಹಿಂದೆ. ಅಗಲದ ಬೀದಿಯೇನಲ್ಲ ನಮ್ಮದು. ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಷ್ಟು ದೂರ ನಾನು ಯಾವತ್ತೂ ನಡೆದಿಲ್ಲ.

ಮಹಡಿಯಲ್ಲಿ ದೊಡ್ಡಮ್ಮನ ಪೂಜೆಯ ಕೋಣೆ ಇದೆ. ಅದಕ್ಕೇ ಅಮ್ಮಿ ಇಷ್ಟು ವರ್ಷವೂ ಆ ಮನೆಯ ಜಗಲಿ, ಅಡುಗೆಮನೆ, ಹಿತ್ತಲು ಎಲ್ಲ ಓಡಾಡಿದ್ದರೂ ಮೆಟ್ಟಿಲು ಹತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ತನಗೆ ತಾನೇ ಹಾಕಿಕೊಂಡ ಗೆರೆ. ಮೆಟ್ಟಿಲ ಬುಡದಲ್ಲಿ ಅವಳು ನಿಂತಾಗ ದೊಡ್ಡಮ್ಮ ಹಿಂದಿನಿಂದ ಸೊಂಟಕ್ಕೆ ಒಂದು ತಿವಿದರು. "ಹತ್ತೇ! ದೇವ್ರಿಗೂ ಬೇಜಾರಾಗಿದೆ, ದಿನಾ ನನ್ನ ಮುಖನೇ ನೋಡಿ."

ಒದ್ದೆ ಬಟ್ಟೆ ಬದಲಿಸಲು ದೊಡ್ಡಮ್ಮ ತಮ್ಮ ಸೀರೆ ಕೊಟ್ಟರು. ನಾನು ತುರುಕಿದ್ದ ಬ್ಯಾಗು ನಮ್ಮ ಮನೆಯ ಮಂಚದ ಮೇಲೆಯೇ ಉಳಿದಿತ್ತು, ಅದನ್ನೂ ಮರೆತು ಬಂದಿದ್ದೆ. ಆ ಸೀರೆ ಎಲೆ ಹಸಿರು, ಹಳದಿ ಅಂಚು. ಅಮ್ಮಿ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದಳು, ಆಮೇಲೆ ಉಟ್ಟಳು.

ಕತ್ತಲಾಗುವ ಮುಂಚೆ ಕಟ್ಟೆ ಒಡೆಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬೀದಿಯ ನೀರಿನ ಬಣ್ಣ ಬದಲಾಯಿತು, ಕೆಂಪಗೆ, ಚಹಾದ ಹಾಗೆ. ನೋಡುತ್ತಿದ್ದಂತೆ ನಮ್ಮ ಅಂಗಡಿಯ ಬಾಗಿಲ ಅರ್ಧಕ್ಕೆ ಏರಿತು. ಮಂಚ ಮುಳುಗುವಷ್ಟು. ತಮ್ಮ ಕಿಟಕಿಯಲ್ಲಿ ನಿಂತು, ಅಟ್ಟಕ್ಕೆ ಹೋಗದೆ ಉಳಿದ ಮೂಟೆಗಳು ಊದಿಕೊಂಡು ತೇಲುವುದನ್ನು ನೋಡಿದ. ಅಮ್ಮಿ ನೋಡಲು ಬರಲಿಲ್ಲ. ಅವಳು ದೊಡ್ಡಮ್ಮನ ಜೊತೆ ಕೂತು, ಉಪ್ಪಿಟ್ಟಿಗೆ ಈರುಳ್ಳಿ ಜಾಸ್ತಿ ಆಯಿತು ಎಂದು ವಾದ ಮಾಡುತ್ತಿದ್ದಳು.

ಬೆಳಿಗ್ಗೆ ಮಳೆ ನಿಂತಿತ್ತು. ನೀರು ಇಳಿದು ಬೀದಿಯ ತುಂಬ ಕೆಸರು. ತಮ್ಮ ಆಗಲೇ ಹೋಗಿ ಮನೆಯ ಬಾಗಿಲು ತೆಗೆಯುತ್ತಿದ್ದ. ದೊಡ್ಡಮ್ಮ ಪೂಜೆಗೆ ಕೂತಿದ್ದರು. ಅಮ್ಮಿ ಹಸಿರು ಸೀರೆಯಲ್ಲಿ ಮಹಡಿಯ ಕಟ್ಟೆಗೆ ಒರಗಿ ನಮ್ಮ ಮನೆಯನ್ನು ನೋಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತಿನಲ್ಲಿ ಒಂದೇ ಸಾಲು ಹೊರಬಂತು.

"ಅಮ್ಮಿ, ಆವತ್ತು ಆಸ್ಪತ್ರೆಯಿಂದ ನಿನ್ನ ಕಳಿಸಬಾರದಿತ್ತು ನಾನು."

"ನೀನು ಕಳಿಸದೇ ಇದ್ರೂ ನಾನು ಹೋಗ್ತಿದ್ದೆ ಕಣೇ. ಮೂರು ದಿನದಿಂದ ಸ್ನಾನ ಇರಲಿಲ್ಲ, ನನ್ನ ವಾಸನೆ ನನಗೇ ತಡೆಯಕ್ಕಾಗ್ತಿರಲಿಲ್ಲ." ಮತ್ತೆ ನಮ್ಮ ಮನೆಯ ಕಡೆ ತಿರುಗಿದಳು. "ಅವರು ನಿದ್ದೆ ಮಾಡ್ತಿದ್ರು. ಎಬ್ಬಿಸೋದು ಯಾಕೆ ಅಂತ ಹೇಳದೇ ಎದ್ದು ಬಂದೆ. ಅಷ್ಟು ವರ್ಷದಲ್ಲಿ ಒಂದು ದಿನವೂ ಅವರಿಗೆ ಹೇಳದೇ ಎಲ್ಲಿಗೂ ಹೋದವಳಲ್ಲ ನಾನು. ಅದು ಕೊರೀತಿತ್ತು, ಅಷ್ಟೇ."

"ನಿನ್ನೆ ಬಾಗಿಲು ಹಾಕ್ಕೊಂಡು..."

"ಹೂಂ. ಹೇಳಿ ಬಂದೆ."

"ಏನಂತ?"

ಅಮ್ಮಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ಎದುರುಮನೆಗೆ ಹೋಗಿರ್ತೀನ್ರೀ ಅಂತ. ಇನ್ನೇನು ಹೇಳ್ತಾರೆ?"